ಹಳೇ ಆಟೋಮ್ಯಾಟಿಕ್ ಕಾರು: ರಿವರ್ಸ್ ಬೀಳೋಕೆ ಮೂರು ಸೆಕೆಂಡ್, ಘಾಟಿಯಲ್ಲಿ ಎಳೆಯಲ್ಲ. ಗೇರ್ ಬಾಕ್ಸ್ ಹೋಯ್ತಾ?

ಕಾಫಿಕಣ_18
ಎಲ್ಲರಿಗೂ ನಮಸ್ಕಾರ. ಊರು ಚಿಕ್ಕಮಗಳೂರು ಹತ್ತಿರ. ಅಪ್ಪನ ಕಾರು, 2008ರ ಪೆಟ್ರೋಲ್ ಸೆಡಾನ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೆ ಮೊದಲ ಹತ್ತು ಉತ್ತರ "ಅದನ್ನ ಯಾಕ್ರೀ ತಗೊಂಡ್ರಿ" ಅಂತಲೇ ಬರುತ್ತವೆ. ಓಡಿರುವುದು 1,12,000 ಕಿ.ಮೀ.

ಈಗ ತೊಂದರೆ ಕೇಳಿ. ಬೆಳಗ್ಗೆ ಚಳಿಗೆ ಸ್ಟಾರ್ಟ್ ಮಾಡಿ ರಿವರ್ಸಿಗೆ ಹಾಕಿದರೆ ಒಂದು, ಎರಡು, ಮೂರು ಎಣಿಸುವ ತನಕ ಗಾಡಿಗೆ ಏನೂ ಗೊತ್ತೇ ಆಗಿಲ್ಲ ಅನ್ನೋ ಥರ ನಿಂತಿರುತ್ತದೆ. ಆಮೇಲೆ "ದಡ್" ಅಂತ ಬೀಳುತ್ತದೆ. ಹಿಂದೆ ಕೂತ ಅಮ್ಮ ದಿನಾ "ಯಾರಿಗೋ ಗುದ್ದಿದ್ಯಲ್ಲೋ" ಅನ್ನುತ್ತಾರೆ.

ಎರಡನೇದು, ಹೋದ ವಾರ ಉಜಿರೆಯಿಂದ ಚಾರ್ಮಾಡಿ ಹತ್ತುವಾಗ ಎರಡರಿಂದ ಮೂರಕ್ಕೆ ಹೋಗುವ ಹೊತ್ತಿಗೆ ಎಂಜಿನ್ ಸುಮ್ನೆ ಕಿರುಚಿಕೊಂಡಿತು. ಮುಳ್ಳು 4000 ದಾಟಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಮೂರನೇದು, ಅಪರೂಪಕ್ಕೆ ಓ/ಡಿ (ಓವರ್‌ಡ್ರೈವ್, ಅಂದರೆ ನಾಲ್ಕನೇ ಗೇರ್) ದೀಪ ಮಿಣಮಿಣ ಅನ್ನಲು ಶುರುವಾಗಿ ಗಾಡಿ ಯಾವುದೋ ಒಂದೇ ಗೇರಿನಲ್ಲಿ ಕಚ್ಚಿಕೊಳ್ಳುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿ.

ಒಂದು ವರ್ಕ್‌ಶಾಪಿಗೆ ತೋರಿಸಿದೆ. ಹತ್ತು ನಿಮಿಷ ಓಡಿಸಿ "ಗೇರ್ ಬಾಕ್ಸ್ ಇಳಿಸಬೇಕು, 1,35,000 ಆಗುತ್ತೆ" ಅಂದರು. ಗಾಡಿ ಮಾರಿದರೂ ಅಷ್ಟು ಬರುತ್ತೋ ಇಲ್ವೋ. ಆಯಿಲ್ ನಾನೇ ನೋಡಿದ್ದೇನೆ, ಫುಲ್ ಇದೆ. ಮನೆಯಲ್ಲೇ ಇನ್ನೇನಾದರೂ ನೋಡಬಹುದಾ?

ಸಕ್ಲೇಶ್ಪುರ_46
ಮಾರಿಬಿಡಿ ಅಣ್ಣ. ಮ್ಯಾನ್ಯುಯಲ್ ತಗೊಳ್ಳಿ.

ಸ್ಪ್ಯಾನರ್14
ಮಾರುವುದು ಇದ್ದೇ ಇದೆ, ಮೊದಲು ನೋಡೋಣ.

ನೀವು ಹೇಳಿದ್ದು ಮೂರು ತೊಂದರೆ. ಮೂರಕ್ಕೂ ಒಂದೇ ಕಾಯಿಲೆ ಅಂತ ಯಾಕೆ ಅಂದುಕೊಳ್ಳಬೇಕು? ರಿವರ್ಸ್ ತಡವಾಗುವುದು, ಏರಿನಲ್ಲಿ ಜಾರುವುದು ಇವೆರಡು ಸಾಮಾನ್ಯವಾಗಿ ಒಳಗಿನ ಪ್ರೆಶರ್ ವಿಷಯ. ದೀಪ ಮಿಣುಕಿ ಒಂದೇ ಗೇರಿನಲ್ಲಿ ನಿಲ್ಲುವುದು, ಆಫ್-ಆನ್ ಮಾಡಿದರೆ ಸರಿಹೋಗುವುದು, ಇದು ಕರೆಂಟ್ ವಿಷಯದ ಹಾಗೆ ಕಾಣುತ್ತದೆ. ಕಂಪ್ಯೂಟರಿಗೆ ಯಾವುದೋ ಸೆನ್ಸರ್ ಸುಳ್ಳು ಹೇಳಿದರೆ ಅದು ಹೆದರಿ ಮೂರನೇ ಗೇರಿಗೆ ಹಾಕಿ ಕೂತುಬಿಡುತ್ತದೆ. ನಾಲ್ಕು ಗೇರಿನ ಸುಮಾರು ಗಾಡಿಗಳಲ್ಲಿ ಹಾಗೇ. ಹೇಗೋ ಮನೆ ತಲುಪಲಿ ಅಂತ.

ಒಂದು ಪ್ರಶ್ನೆ. ಆಯಿಲ್ ನೋಡಿದ್ದು ಹೇಗೆ? ಎಂಜಿನ್ ಓಡುತ್ತಿತ್ತಾ, ನಿಂತಿತ್ತಾ?

ಕಾಫಿಕಣ_18
ನಿಂತಿತ್ತು. ಬೆಳಗ್ಗೆ ಕಾಫಿ ಕುಡಿಯುವ ಮುಂಚೆ, ತಣ್ಣಗಿರುವಾಗ. ಎಂಜಿನ್ ಆಯಿಲ್ ಹಾಗೇ ತಾನೇ ನೋಡುವುದು?

ಸ್ಪ್ಯಾನರ್14
ಎಂಜಿನ್ ಆಯಿಲ್ ಹಾಗೆ. ಗೇರ್ ಬಾಕ್ಸ್ ಹಾಗಲ್ಲ, ಇಲ್ಲೇ ಎಡವಿದ್ದು.

ಆಟೋಮ್ಯಾಟಿಕ್‌ನಲ್ಲಿ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಆಯಿಲ್ ಪ್ರೆಶರ್. ಎಂಜಿನ್ ಓಡುವಾಗ ಪಂಪ್ ಆಯಿಲ್ ಅನ್ನು ಮೇಲಕ್ಕೆಳೆದು ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಭಾಗ), ಕೂಲರ್ ಪೈಪು, ವಾಲ್ವ್ ಬಾಡಿ (ಆಯಿಲ್ ಅನ್ನು ಬೇಕಾದ ಕ್ಲಚ್ಚಿಗೆ ಕಳಿಸುವ ಭಾಗ) ಎಲ್ಲಾ ತುಂಬುತ್ತದೆ. ಎಂಜಿನ್ ನಿಂತ ಮೇಲೆ ಅದರಲ್ಲಿ ಒಂದಷ್ಟು ವಾಪಸ್ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಆಗ ಆಯಿಲ್ ಅಳೆಯುವ ಕಡ್ಡಿ ಹಾಕಿದರೆ ಮಟ್ಟ ಜಾಸ್ತಿ ತೋರಿಸುತ್ತದೆ. ಒಂದು ಲೀಟರ್ ಕಡಿಮೆ ಇದ್ದರೂ "ಫುಲ್" ಅನ್ನಬಹುದು.

ಸರಿಯಾಗಿ ನೋಡುವುದು ಹೀಗೆ. ಹತ್ತಿಪ್ಪತ್ತು ಕಿ.ಮೀ. ಓಡಿಸಿ ಬಿಸಿ ಮಾಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ. ಬ್ರೇಕ್ ತುಳಿದುಕೊಂಡೇ ಲಿವರನ್ನು ಪಿ (ಪಾರ್ಕ್), ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), 2, ಎಲ್ (ಲೋ) ಎಲ್ಲಾ ಕಡೆ ಎರಡೆರಡು ಸೆಕೆಂಡ್ ನಿಲ್ಲಿಸಿ ವಾಪಸ್ ಪಿಗೆ ತನ್ನಿ. ಎಂಜಿನ್ ಓಡುತ್ತಲೇ ಇರಲಿ. ಕಡ್ಡಿ ತೆಗೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆದು ನೋಡಿ. ಎರಡು ಸಲ ನೋಡಿ. ಮೊದಲ ಸಲ ಪೈಪಿನ ಗೋಡೆಗೆ ಅಂಟಿದ ಆಯಿಲ್ ಮೋಸ ಮಾಡುತ್ತದೆ.

ಹಾಸನ್_ಆಲೂಗಡ್ಡೆ
ಸ್ವಾಮಿ, ತಪ್ಪು ಹೇಳಬೇಡಿ. ನನ್ನ ಹಳೇ ಹೊಂಡಾ ಪುಸ್ತಕದಲ್ಲಿ ಸ್ಪಷ್ಟವಾಗಿ ಇದೆ: ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಒಂದೂವರೆ ನಿಮಿಷದ ಒಳಗೆ ನೋಡಬೇಕು. ಓಡುವಾಗ ನೋಡಿದರೆ ಕಡಿಮೆ ತೋರಿಸುತ್ತದೆ. ನೀವು ಹೇಳಿದ್ದು ನಂಬಿ ಜನ ಜಾಸ್ತಿ ತುಂಬಿಸಿಬಿಡುತ್ತಾರೆ. ಜಾಸ್ತಿ ಆದರೆ ನೊರೆ ಬರುತ್ತದೆ, ಅದೂ ಜಾರುತ್ತದೆ.

ಸ್ಪ್ಯಾನರ್14
ಹೊಂಡಾದವರ ಪದ್ಧತಿಯೇ ಬೇರೆ, ನೀವು ಹೇಳಿದ್ದು ಅದಕ್ಕೆ ಸರಿ. ಇವರ ಗಾಡಿ ಹೊಂಡಾನಾ?

ಕಾಫಿಕಣ_18
ಅಲ್ಲ. ಬಲವಂತ ಮಾಡಿ ಹೆಸರು ಹೇಳಿಸಬೇಡಿ. ಪುಸ್ತಕ ಕಳೆದುಹೋಗಿದೆ.

ಹಾಸನ್_ಆಲೂಗಡ್ಡೆ
ಕಡ್ಡಿಯನ್ನೇ ಸರಿಯಾಗಿ ನೋಡಿ. ಹಾಟ್, ಕೋಲ್ಡ್ ಅಂತ ಎರಡು ಗೆರೆ ಜೋಡಿ ಇರಬೇಕು. ಕೆಲವದರಲ್ಲಿ ಎಂಜಿನ್ ಐಡಲ್‌ನಲ್ಲಿ ನೋಡಿ ಅಂತ ಕಡ್ಡಿ ಮೇಲೇ ಕೊರೆದಿರುತ್ತಾರೆ.

ಮೂಡಿಗೆರೆ_ಮಂಜು_ಮಳೆ
ನಮ್ಮ ಗಾಡಿಯಲ್ಲಿ ಕಡ್ಡಿಯೇ ಇಲ್ಲ, ಬಾನೆಟ್ ಎಲ್ಲಾ ಹುಡುಕಿದೆ!

ಸ್ಪ್ಯಾನರ್14
ಸುಮಾರು ಹೊಸ ಗಾಡಿಗಳಲ್ಲಿ ಇರುವುದಿಲ್ಲ. ಕೆಳಗಡೆ ಅಥವಾ ಪಕ್ಕದಲ್ಲಿ ಲೆವೆಲ್ ಬೋಲ್ಟ್ ಇರುತ್ತದೆ. ಆಯಿಲ್ ಇಷ್ಟೇ ಡಿಗ್ರಿ ಬಿಸಿ ಇರುವಾಗ ಬೋಲ್ಟ್ ಬಿಚ್ಚಬೇಕು, ಸಣ್ಣಗೆ ತೊಟ್ಟಿಕ್ಕಿದರೆ ಮಟ್ಟ ಸರಿ ಅಂತ. ಅದು ಲಿಫ್ಟ್ ಇರುವವರ ಕೆಲಸ. ಮನೆ ಅಂಗಳದಲ್ಲಿ ಜಾಕ್ ಕೊಟ್ಟು ಕೆಳಗೆ ನುಗ್ಗಬೇಡಿ.

ಕಾಫಿಕಣ_18
ಮಾಡಿದೆ! ಬೇಲೂರು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಗೋದಾಮಿನ ಮುಂದೆ ಕಾಂಕ್ರೀಟ್ ನೆಲದಲ್ಲಿ ನಿಲ್ಲಿಸಿ ನೋಡಿದೆ. ಕಡ್ಡಿ ಮೇಲೆ ಹಾಟ್ ಗೆರೆ ಇದೆ, ಕೋಲ್ಡ್ ಗೆರೆ ಇದೆ. ಇಷ್ಟು ವರ್ಷ ನಾನು ಅದನ್ನು ಕಂಡೇ ಇರಲಿಲ್ಲ.

ಆಯಿಲ್ ಯಾವ ಗೆರೆಗೂ ಬಂದಿಲ್ಲ. ಕಡ್ಡಿಯ ತುದಿಯಲ್ಲಿ ಒಂದು ಹನಿ ನೇತಾಡುತ್ತಿತ್ತು, ಅಷ್ಟೇ. ಅಪ್ಪನಿಗೆ ತೋರಿಸಿದೆ. "ನಾನು ಯಾವತ್ತೂ ಹಾಗೇ ನೋಡಿದ್ದು, ಫುಲ್ಲೇ ಇರ್ತಿತ್ತು" ಅಂದರು.

ಸ್ಪ್ಯಾನರ್14
ಘಾಟಿಯಲ್ಲಿ ಯಾಕೆ ಎಳೆಯಲಿಲ್ಲ ಅನ್ನುವುದಕ್ಕೆ ಅಲ್ಲೇ ಅರ್ಧ ಉತ್ತರ ಇದೆ. ಏರು, ಮೇಲಿಂದ ತಿರುವು. ಇದ್ದ ಸ್ವಲ್ಪ ಆಯಿಲ್ ಚೇಂಬರಿನ ಒಂದು ಮೂಲೆಗೆ ಸರಿಯುತ್ತದೆ. ಫಿಲ್ಟರ್ ಬಾಯಿಗೆ ಆಯಿಲ್ ಬದಲು ಗಾಳಿ ಸಿಗುತ್ತದೆ. ಗಾಳಿಯಿಂದ ಪ್ರೆಶರ್ ಬರಲ್ಲ, ಕ್ಲಚ್ ಹಿಡಿಯಲ್ಲ. ಎಂಜಿನ್ ಕಿರುಚುತ್ತದೆ.

ಈಗ ಆ ಹನಿಯನ್ನು ಬಿಳಿ ಟಿಶ್ಯೂ ಮೇಲೆ ಒರೆಸಿ ಫೋಟೋ ಹಾಕಿ. ಮೂಸಿ ನೋಡಿ, ವಾಸನೆ ಹೇಗಿದೆ ಹೇಳಿ.

ಶಿರಾಡಿ_ಶಿಫ್ಟ್
ಬಣ್ಣದ ಬಗ್ಗೆ ನನ್ನ ಲೆಕ್ಕ ಕೇಳಿ. ಹೊಸದು ದಾಳಿಂಬೆ ರಸದ ಹಾಗೆ. ಸ್ವಲ್ಪ ಓಡಿದ್ದು ಕಂದುಗೆಂಪು, ಚಿಂತೆ ಇಲ್ಲ. ಡಿಕಾಕ್ಷನ್ ಥರ ಕಪ್ಪಗಿದ್ದು, ಸೀದ ವಾಸನೆ ಬಂದರೆ ಕ್ಲಚ್ ಪ್ಲೇಟ್ ಸುಟ್ಟಿದೆ. ರೋಸ್ ಮಿಲ್ಕ್ ಥರ ಇದ್ದರೆ ತಕ್ಷಣ ಗಾಡಿ ನಿಲ್ಲಿಸಿ. ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲೆಂಟ್ ಗೇರ್ ಬಾಕ್ಸಿಗೆ ಇಳಿದಿದೆ. ನೀರು ತಾಗಿದರೆ ಪ್ಲೇಟಿನ ಲೈನಿಂಗ್ ಅಂಟು ಬಿಟ್ಟು ಎದ್ದು ಬರುತ್ತದೆ. ಅದಾದ ಮೇಲೆ 1,35,000 ನಿಜವಾಗಿಯೂ ಬೇಕು.

ಕಾಫಿಕಣ_18
ಕಂದುಗೆಂಪು. ಅಮ್ಮನ ಕೈಯಲ್ಲೂ ಮೂಸಿಸಿದೆ, ಅವರ ಮೂಗು ನನಗಿಂತ ಚುರುಕು. ಸೀದ ವಾಸನೆ ಇಲ್ಲ ಅಂದರು. "ಹೊಲಿಗೆ ಮೆಷಿನ್ ಎಣ್ಣೆ ಹಳಸಿದ್ದರೆ ಹೀಗೇ" ಅಂದರು.

ಸ್ಪ್ಯಾನರ್14
ಅಮ್ಮನಿಗೆ ನಮಸ್ಕಾರ ಹೇಳಿ. ಒಳ್ಳೇ ಸುದ್ದಿ.

ಬಾಬಾಬುಡನ್_ಬ್ರೇಕ್
ವಿಷಯಾಂತರ. ಎಣ್ಣೆ ಅಂದಾಗ ನೆನಪಾಯಿತು. 1970ರ ದಶಕದ ಶುರುವಿನ ತನಕ ಆಟೋಮ್ಯಾಟಿಕ್ ಗೇರ್ ಆಯಿಲ್‌ಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು! ಕ್ಲಚ್ ಜರ್ಕ್ ಇಲ್ಲದೆ ನಯವಾಗಿ ಹಿಡಿಯಲಿ ಅಂತ. ಅಮೆರಿಕದಲ್ಲಿ ತಿಮಿಂಗಿಲಕ್ಕೆ ಕಾನೂನಿನ ರಕ್ಷಣೆ ಬಂದ ಮೇಲೆ ಬೇರೆ ರಾಸಾಯನಿಕ ಹುಡುಕಬೇಕಾಯಿತು.

ಸಕ್ಲೇಶ್ಪುರ_46
ಇವರ ಗಾಡಿಗೆ ಈಗ ತಿಮಿಂಗಿಲ ಎಲ್ಲಿಂದ ತರುವುದು?

ಬಾಬಾಬುಡನ್_ಬ್ರೇಕ್
ಅದಲ್ಲ ಮಾರಾಯ್ರೆ. ಹೇಳಿದ್ದು ಯಾಕೆ ಅಂದರೆ, ಕೆಂಪಗಿರುವುದೆಲ್ಲ ಒಂದೇ ಆಯಿಲ್ ಅಲ್ಲ. ಕೆಂಪು ಬರೀ ಬಣ್ಣ, ಸೋರಿದರೆ ಗೊತ್ತಾಗಲಿ ಅಂತ ಹಾಕುವುದು. ಕ್ಲಚ್ ಎಷ್ಟು ಬೇಗ, ಎಷ್ಟು ನಯವಾಗಿ ಹಿಡಿಯಬೇಕು ಅನ್ನುವುದು ಒಳಗಿನ ಮದ್ದಿನ ಮೇಲೆ. ಡೆಕ್ಸ್‌ರಾನ್ ಬೇರೆ, ಎಸ್‌ಪಿ-3 ಬೇರೆ, ಟಿ-4 ಬೇರೆ. ಅಂಗಡಿಯವನು "ಎಲ್ಲಾ ಒಂದೇ ಸಾರ್, ಪವರ್ ಸ್ಟೀರಿಂಗಿಗೂ ಇದೇ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಹಾಸನ್_ಆಲೂಗಡ್ಡೆ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಸಿವಿಟಿ (ಗೇರಿನ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್) ಗಾಡಿ ಇರುವವರು ಇನ್ನೂ ಹುಷಾರು, ಅದಕ್ಕೆ ಸಿವಿಟಿ ಆಯಿಲ್ಲೇ ಬೇಕು.

ಎಸ್ಟೇಟ್_ರೈಟರ್
ಹಳೇ ಆಟೋಮ್ಯಾಟಿಕ್‌ಗೆ ಹೊಸ ಆಯಿಲ್ ಹಾಕಲೇಬಾರದು ಅಂತ ಕೇಳಿದ್ದೇನೆ. ಹಾಕಿದ ಮಾರನೇ ದಿನ ಗೇರ್ ಬಾಕ್ಸ್ ಸಾಯುತ್ತದೆ ಅಂತ. ನಮ್ಮ ಮಾವನ ಗಾಡಿಗೆ ಹಾಗೇ ಆಗಿತ್ತು.

ಸ್ಪ್ಯಾನರ್14
ಮಾವನ ಗಾಡಿ ಆಯಿಲ್ ಬದಲಿಸುವ ಮುಂಚೆ ಹೇಗಿತ್ತು? ಜಾರುತ್ತಿತ್ತಾ?

ಎಸ್ಟೇಟ್_ರೈಟರ್
ಜಾರುತ್ತಿತ್ತು. ಅದಕ್ಕೇ ಬದಲಿಸಿದ್ದು.

ಸ್ಪ್ಯಾನರ್14
ಮತ್ತೆ? ಐಸಿಯುಗೆ ಹೋದ ಮೇಲೆ ಗ್ಲೂಕೋಸ್ ಹಾಕಿ, ಗ್ಲೂಕೋಸ್ ಕೊಂದಿತು ಅಂದ ಹಾಗಾಯಿತು. ಪ್ಲೇಟ್ ಮೊದಲೇ ಸವೆದಿದ್ದರೆ ಹೊಸ ಆಯಿಲ್ ಉಳಿಸುವುದಿಲ್ಲ. ಮೆಷಿನ್ ಹಾಕಿ ಜೋರಾಗಿ ಫ್ಲಶ್ ಮಾಡಿಸುವುದು ನನಗೂ ಇಷ್ಟ ಇಲ್ಲ, ಕೂತಿದ್ದ ಕೊಳೆ ಎದ್ದು ವಾಲ್ವಿಗೆ ಸಿಕ್ಕಿಕೊಳ್ಳಬಹುದು. ಕೆಳಗಿನ ಬೋಲ್ಟ್ ಬಿಚ್ಚಿ ಇಳಿಸಿ ಅಷ್ಟೇ ತುಂಬಿಸುವುದಕ್ಕೆ ಹೆದರಬೇಕಿಲ್ಲ. ಅದರಲ್ಲಿ ಅರ್ಧದಷ್ಟೂ ಹಳೇದು ಬರುವುದಿಲ್ಲ, ಕನ್ವರ್ಟರಿನಲ್ಲೇ ಉಳಿಯುತ್ತದೆ.

ಕಾಫಿಕಣ ಅವರೇ, ನೀವು ಈಗ ಬದಲಿಸಬೇಡಿ. ಬರೀ ಮಟ್ಟಕ್ಕೆ ತನ್ನಿ. ಕಡ್ಡಿ ಪೈಪಿಗೇ ಉದ್ದ ಕೊಳವೆಯ ಆಲಿಕೆ ಇಟ್ಟು, ಒಂದು ಲೋಟ ಹಾಕಿ, ಐದು ನಿಮಿಷ ಬಿಟ್ಟು ನೋಡಿ, ಮತ್ತೆ ಒಂದು ಲೋಟ. ಒಟ್ಟು ಎಷ್ಟು ಹಿಡಿಯಿತು ಬರೆದಿಡಿ.

ಹಾಕುವ ಮೊದಲು ಒಂದು ಕೆಲಸ. ಬೆಳಗ್ಗೆ ತಣ್ಣಗಿರುವಾಗ ಬ್ರೇಕ್ ಗಟ್ಟಿ ತುಳಿದು, ಎನ್‌ನಿಂದ ಡಿಗೆ ಹಾಕಿದಾಗ ಗಾಡಿ ಹಿಡಿಯುವುದಕ್ಕೆ ಎಷ್ಟು ಸೆಕೆಂಡ್, ಎನ್‌ನಿಂದ ಆರ್‌ಗೆ ಎಷ್ಟು, ಮೊಬೈಲಿನಲ್ಲಿ ಅಳೆಯಿರಿ. ಆಮೇಲೆ ಬಿಸಿಯಾದಾಗಲೂ ಅಳೆಯಿರಿ. ನಾನು ನೋಡಿದ ಒಂದು ಸರ್ವಿಸ್ ಪುಸ್ತಕದಲ್ಲಿ ಬಿಸಿ ಗಾಡಿಗೆ ಡಿಗೆ 1.2 ಸೆಕೆಂಡ್, ಆರ್‌ಗೆ 1.5 ಸೆಕೆಂಡ್ ಒಳಗೆ ಅಂತ ಇತ್ತು. ಒಂದರಲ್ಲಿ ಮಾತ್ರ ತಡ ಆದರೆ ಆ ಗೇರಿನ ಕ್ಲಚ್ ಅಥವಾ ಸೀಲ್. ಎರಡರಲ್ಲೂ ತಡ ಆದರೆ ಎರಡಕ್ಕೂ ಸೇರಿದ್ದು: ಆಯಿಲ್, ಫಿಲ್ಟರ್, ಪಂಪ್.

ಕಾಫಿಕಣ_18
ತಣ್ಣಗೆ ಡಿ 2 ಸೆಕೆಂಡ್, ಆರ್ 3. ಬಿಸಿಯಾದ ಮೇಲೆ ಡಿ ಒಂದೂವರೆ, ಆರ್ 2. ಎರಡೂ ತಡ.

ರೀಲ್ಸ್_ರಾಜ
ಇಷ್ಟೆಲ್ಲಾ ಯಾಕೆ? ಸ್ಟಾಲ್ ಟೆಸ್ಟ್ ಮಾಡಿ ಬ್ರೋ. ಎಡಗಾಲಲ್ಲಿ ಬ್ರೇಕ್, ಬಲಗಾಲಲ್ಲಿ ಪೂರ್ತಿ ಎಕ್ಸಲರೇಟರ್. ಆರ್‌ಪಿಎಂ ಎಲ್ಲಿ ನಿಲ್ಲುತ್ತದೆ ನೋಡಿ, ಗೇರ್ ಬಾಕ್ಸ್ ಜಾತಕ ಗೊತ್ತಾಗುತ್ತೆ.

ಶಿರಾಡಿ_ಶಿಫ್ಟ್
ಮಾಡಬೇಡಿ! ನಮ್ಮ ಬೀದಿಯಲ್ಲಿ ಒಬ್ಬರು ಮಾಡಿದರು. ಬ್ರೇಕ್ ಹಳೇದು. ಗಾಡಿ ಕಾಂಪೌಂಡ್ ಗೋಡೆ ದಾಟಿ ಎದುರು ಮನೆಯ ಸೇವಂತಿಗೆ ಪಾತಿಯಲ್ಲಿ ನಿಂತಿತು. ಗೇರ್ ಬಾಕ್ಸ್ ಜಾತಕ ಇವತ್ತಿಗೂ ಗೊತ್ತಾಗಿಲ್ಲ, ಎದುರು ಮನೆಯವರ ಜೊತೆ ಮಾತು ನಿಂತಿದೆ.

ಸ್ಪ್ಯಾನರ್14
ಅದು ವರ್ಕ್‌ಶಾಪಿನ ಪರೀಕ್ಷೆ. ಅಲ್ಲೂ ನಾಲ್ಕು ಚಕ್ರಕ್ಕೂ ಅಡ್ಡಕಟ್ಟೆ ಕೊಟ್ಟು ಐದು ಸೆಕೆಂಡಿಗಿಂತ ಜಾಸ್ತಿ ಮಾಡುವುದಿಲ್ಲ. ಎಂಜಿನ್ ಶಕ್ತಿಯೆಲ್ಲಾ ಕನ್ವರ್ಟರ್ ಒಳಗಿನ ಆಯಿಲ್ಲನ್ನೇ ಕಾಯಿಸುತ್ತದೆ. ಆಯಿಲ್ ಕಡಿಮೆ ಇರುವ ಗಾಡಿಯಲ್ಲಿ ಮಾಡಿದರೆ, ಚೆನ್ನಾಗಿದ್ದ ಪ್ಲೇಟುಗಳನ್ನೂ ನೀವೇ ಕೈಯಾರೆ ಸುಟ್ಟ ಹಾಗೆ.

ರೀಲ್ಸ್_ರಾಜ
ಸರಿ ಬಿಡಿ, ಸುಮ್ನೆ ಹೇಳಿದೆ.

ಕಡೂರ್_ಕೊಬ್ಬರಿ
ನಂದೂ ಆಟೋಮ್ಯಾಟಿಕ್ಕೇ, ಏರಿನಲ್ಲಿ ನಿಲ್ಲಿಸಿದರೆ ಹಿಂದೆ ಬರುತ್ತದೆ, ಗೇರ್ ಬದಲಾಗುವಾಗ ತಲೆ ಆಡಿಸುತ್ತದೆ. ಎಟಿಎಫ್ (ಆಟೋಮ್ಯಾಟಿಕ್ ಗೇರ್ ಆಯಿಲ್) ಕಡ್ಡಿ ಎಲ್ಲಿದೆ?

ಹಾಸನ್_ಆಲೂಗಡ್ಡೆ
ನಿಮ್ಮದು ಯಾವ ವರ್ಷದ್ದು? ಸಣ್ಣ ಕಾರಾ? ಹಾಗಿದ್ದರೆ ಬಹುಶಃ ಎಎಂಟಿ. ಅದರಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ, ಮಾಮೂಲಿ ಗೇರ್ ಬಾಕ್ಸ್, ಮಾಮೂಲಿ ಕ್ಲಚ್. ನಿಮ್ಮ ಕಾಲಿನ ಬದಲು ಒಂದು ಯಂತ್ರ ಕ್ಲಚ್ ತುಳಿಯುತ್ತದೆ, ಅಷ್ಟೇ. ತಲೆ ಆಡಿಸುವುದು ಅದರ ಸ್ವಭಾವ. ಏರಿನಲ್ಲಿ ಎಕ್ಸಲರೇಟರ್ ಒತ್ತಿ ನಿಲ್ಲಿಸಬೇಡಿ, ಕ್ಲಚ್ ಸುಡುತ್ತದೆ. ಹ್ಯಾಂಡ್ ಬ್ರೇಕ್ ಬಳಸಿ.

ಕಡೂರ್_ಕೊಬ್ಬರಿ
ಓ! ಶೋರೂಮಿನಲ್ಲಿ ಬರೀ ಆಟೋಮ್ಯಾಟಿಕ್ ಅಂದಿದ್ದರು. ಧನ್ಯವಾದ.

ಕಾಫಿಕಣ_18
ಹಾಕಿದೆ. ಹಾಟ್ ಗೆರೆಯ ಮಧ್ಯಕ್ಕೆ ಬರಲು 1.1 ಲೀಟರ್ ಹಿಡಿಯಿತು. ಈಗ ಡಿ ಒಂದು ಸೆಕೆಂಡ್ ಒಳಗೆ, ಆರ್ ಒಂದೂವರೆ. ಕೈಮರದ ತನಕ ಏರಿನಲ್ಲಿ ಓಡಿಸಿದೆ, ಜಾರಲಿಲ್ಲ! "ದಡ್" ಅನ್ನುವುದು ಮಾತ್ರ ಹಾಗೇ ಇದೆ.

ಆದರೆ ಒಂದು ಅರ್ಥ ಆಗುತ್ತಿಲ್ಲ. 1.1 ಲೀಟರ್ ಎಲ್ಲಿಗೆ ಹೋಯಿತು? ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ಹನಿ ಎಣ್ಣೆ ಕಂಡಿಲ್ಲ.

ಎಸ್ಟೇಟ್_ರೈಟರ್
ನಿಲ್ಲಿಸುವ ಜಾಗ ಎಂಥದ್ದು? ಮಣ್ಣಾ?

ಕಾಫಿಕಣ_18
ಮಣ್ಣೇ. ಕೆಂಪು ಮಣ್ಣು.

ಎಸ್ಟೇಟ್_ರೈಟರ್
ಕೆಂಪು ಮಣ್ಣಿನಲ್ಲಿ ಕೆಂಪು ಎಣ್ಣೆ ಹುಡುಕುತ್ತಿದ್ದೀರಿ!

ಸ್ಪ್ಯಾನರ್14
ಎಸ್ಟೇಟ್ ಅವರೇ, ಮಾವನ ವಿಷಯ ಬಿಟ್ಟೆ, ಇದಕ್ಕೆ ಪೂರ್ತಿ ಅಂಕ.

ಹಳೇ ಫ್ರಿಜ್ ರಟ್ಟು ಇದ್ದರೆ ರಾತ್ರಿ ಗಾಡಿ ಕೆಳಗೆ ಹಾಸಿ. ಮುಂದಿನ ಚಕ್ರ ಎಲ್ಲಿ ಬರುತ್ತದೆ ಅಂತ ಗುರುತು ಹಾಕಿಕೊಳ್ಳಿ. ಇನ್ನೊಂದು ರಟ್ಟು ಹಾಸಿ, ಹತ್ತು ನಿಮಿಷ ಎಂಜಿನ್ ಓಡಿಸಿಯೂ ನೋಡಿ. ಕೆಲವು ಸೋರಿಕೆ ಪ್ರೆಶರ್ ಇರುವಾಗ ಮಾತ್ರ ಬರುತ್ತದೆ. ಹನಿ ರೇಡಿಯೇಟರ್ ಹತ್ತಿರ ಬಿದ್ದರೆ ಕೂಲರ್ ಪೈಪು. ಚಕ್ರದ ಹತ್ತಿರ ಬಿದ್ದರೆ ಆಕ್ಸಲ್ ಸೀಲ್. ಎಂಜಿನ್ನೂ ಗೇರ್ ಬಾಕ್ಸೂ ಸೇರುವ ಜಾಗದಲ್ಲಿ ಬಿದ್ದರೆ ಕನ್ವರ್ಟರ್ ಸೀಲ್, ಅದಕ್ಕೆ ಮಾತ್ರ ಗೇರ್ ಬಾಕ್ಸ್ ಇಳಿಸಬೇಕು.

ಬಾಬಾಬುಡನ್_ಬ್ರೇಕ್
ಗಾಡಿ ಕೆಳಗೆ ಬಗ್ಗಿ ನೋಡುವಾಗ ಬರೀ ಜಾಕ್ ನಂಬಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಕೆಳಗೆ ಹೋಗಲೇಬೇಡಿ. ಟಾರ್ಚ್ ಹಿಡಿದು ಮೇಲಿಂದ ನೋಡಿದರೂ ಪೈಪು ಕಾಣುತ್ತದೆ.

ಕಾಫಿಕಣ_18
ಸಿಕ್ಕಿತು. ರಾತ್ರಿಯ ರಟ್ಟು ಖಾಲಿ. ಎಂಜಿನ್ ಓಡಿಸಿದ ರಟ್ಟಿನಲ್ಲಿ ರೇಡಿಯೇಟರ್ ಕೆಳಗೆ ಎಂಟಾಣೆ ಅಗಲದ ಎರಡು ಮಚ್ಚೆ. ಮೇಲಿಂದ ಟಾರ್ಚ್ ಬಿಟ್ಟೆ. ರೇಡಿಯೇಟರಿಗೆ ಬರುವ ಎರಡು ರಬ್ಬರ್ ಹೋಸ್‌ನಲ್ಲಿ ಒಂದು ಕ್ಲಿಪ್ ಹತ್ತಿರ ಒಡೆದು ಒಣ ಹಲಸಿನ ಸಿಪ್ಪೆ ಥರ ಆಗಿದೆ. ಸುತ್ತ ಧೂಳು ಅಂಟಿ ಕೆಂಪು ಕೆಸರಾಗಿತ್ತು. ಇಷ್ಟು ದಿನ ಅದನ್ನು ರಸ್ತೆ ಮಣ್ಣು ಅಂದುಕೊಂಡಿದ್ದೆ.

ಶಿರಾಡಿ_ಶಿಫ್ಟ್
ಹೋಸ್ ತರುವಾಗ ಆಯಿಲ್ ತಡೆಯುವ ಹೋಸೇ ಕೇಳಿ. ನೀರಿನ ಪೈಪು ಹಾಕಿದರೆ ಉಬ್ಬಿ ಒಂದು ತಿಂಗಳಲ್ಲಿ ಮತ್ತೆ ಇಲ್ಲೇ ಬರೆಯುತ್ತೀರಿ.

ಇನ್ನೊಂದು ಮಾತು. ನಾನು ಮಾರನಹಳ್ಳಿ ಕಡೆಯಿಂದ ಶಿರಾಡಿ ವಾರಕ್ಕೆರಡು ಸಲ ಇಳಿಯುವವನು. ಆಟೋಮ್ಯಾಟಿಕ್ ಇಟ್ಟುಕೊಂಡವರು ಇಳಿಜಾರಿನಲ್ಲಿ ಡಿಯಲ್ಲೇ ಬಿಟ್ಟು ಬ್ರೇಕ್ ಒತ್ತುತ್ತಾ ಬರುತ್ತಾರೆ, ವಾಸನೆ ನಮ್ಮ ಗಾಡಿ ತನಕ ಬರುತ್ತದೆ. ಓ/ಡಿ ಆಫ್ ಮಾಡಿ, ಬೇಕಾದರೆ 2ಕ್ಕೆ ಹಾಕಿ. ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಹತ್ತುವಾಗಲೂ ಅಷ್ಟೇ, ಮೂರಕ್ಕೂ ನಾಲ್ಕಕ್ಕೂ ಓಡಾಡುತ್ತಿದ್ದರೆ ಓ/ಡಿ ಆಫ್ ಮಾಡಿ. ಆಯಿಲ್ ಅಷ್ಟು ಕಾಯುವುದಿಲ್ಲ.

ಸಕ್ಲೇಶ್ಪುರ_46
ಆ ಓ/ಡಿ ಬಟನ್ ಏನಕ್ಕೆ ಅಂತ ಇವತ್ತು ಗೊತ್ತಾಯಿತು.

ಶಿರಾಡಿ_ಶಿಫ್ಟ್
ಮ್ಯಾನ್ಯುಯಲ್ ತಗೊಳ್ಳಿ ಅಂದವರು ನೀವೇ ಅಲ್ವಾ?

ಸಕ್ಲೇಶ್ಪುರ_46
ಹೆಂಡತಿ ಗಾಡಿ ಆಟೋಮ್ಯಾಟಿಕ್. ಅನುಭವದಿಂದಲೇ ಹೇಳಿದ್ದು. ಅದು 60-70ರಲ್ಲಿ ಹೋಗುವಾಗ ಒರಟು ಪಟ್ಟಿ ಮೇಲೆ ಹೋದ ಹಾಗೆ ಗಡಗಡ ಅನ್ನುತ್ತದೆ. ಅದೇನು?

ಸ್ಪ್ಯಾನರ್14
ಕನ್ವರ್ಟರ್ ಲಾಕಪ್ (ವೇಗದಲ್ಲಿ ಹೋಗುವಾಗ ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ನೇರ ಕಚ್ಚಿಸುವ ಕ್ಲಚ್) ಇರಬಹುದು, ಎಂಜಿನ್ ಮಿಸ್ಸಿಂಗೂ ಇರಬಹುದು. ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಗಾಡಿ ಇಲ್ಲದಾಗ, ಗಡಗಡ ಬರುತ್ತಿರುವಾಗಲೇ ಎಕ್ಸಲರೇಟರ್ ಹಾಗೇ ಹಿಡಿದು, ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಪೆಡಲ್ ಮುಟ್ಟಿ. ಬ್ರೇಕ್ ಸ್ವಿಚ್ ಹೇಳಿದ ತಕ್ಷಣ ಲಾಕಪ್ ಬಿಡುತ್ತದೆ, ಆರ್‌ಪಿಎಂ ಸ್ವಲ್ಪ ಏರುತ್ತದೆ. ಆ ಕ್ಷಣಕ್ಕೇ ಗಡಗಡ ನಿಂತರೆ ಲಾಕಪ್. ಮೊದಲು ಸರಿಯಾದ ಆಯಿಲ್ ಬದಲಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್, ಕಾಯಿಲ್ ನೋಡಿ.

ಕಾಫಿಕಣ_18
ಹೋಸ್ ಬದಲಿಸಿದೆ. ಹೋಸ್ 180, ಎರಡು ಕ್ಲಿಪ್ 40. ಇವತ್ತು ಮತ್ತೆ ಓ/ಡಿ ದೀಪ ಮಿಣುಕಿತು, ಅದೂ ಸಂತೆ ದಿನ ಪೇಟೆ ಮಧ್ಯೆ. ಮೂರನೇ ಗೇರಿನಲ್ಲೇ ತೆವಳಿಕೊಂಡು ಮನೆಗೆ ಬಂದೆ. ಗಾಡಿಯ ದೋಷದ ಕೋಡ್ ಓದುವ ಬ್ಲೂಟೂತ್ ಡಾಂಗಲ್ ಹಾಕಿದರೆ ಪಿ0700 ಅಂತ ಬರುತ್ತದೆ. ಅಂದರೆ ಗೇರ್ ಬಾಕ್ಸ್ ಹೋಗಿದೆ ಅಂತ ತಾನೇ?

ಹಾಸನ್_ಆಲೂಗಡ್ಡೆ
ಇಲ್ಲ ಇಲ್ಲ. ಪಿ0700 ಅಂದರೆ "ಗೇರ್ ಬಾಕ್ಸಿನ ಕಂಪ್ಯೂಟರ್ ಏನೋ ದೂರು ಹೇಳುತ್ತಿದೆ, ಹೋಗಿ ಅವನನ್ನೇ ಕೇಳಿ" ಅಂತ ಅಷ್ಟೇ. ಸುಮಾರು ಅಗ್ಗದ ಡಾಂಗಲ್ಲುಗಳು ಎಂಜಿನ್ ಕಂಪ್ಯೂಟರ್ ಜೊತೆ ಮಾತ್ರ ಮಾತಾಡುತ್ತವೆ. ನನ್ನ ಹತ್ತಿರ ಎರಡನ್ನೂ ಓದುವ ಸ್ಕ್ಯಾನರ್ ಇದೆ. ಭಾನುವಾರ ಬೇಲೂರಿಗೆ ಬರುತ್ತೇನೆ, ನೀವೂ ಬನ್ನಿ. ಇಬ್ಬರಿಗೂ ಮಧ್ಯ.

ಅಲ್ಲಿಯ ತನಕ ಬ್ಯಾಟರಿ ಟರ್ಮಿನಲ್ ಉಜ್ಜಿ, ಗೇರ್ ಬಾಕ್ಸಿಗೆ ಹೋಗುವ ಅರ್ಥ್ ವೈರ್ ಬಿಚ್ಚಿ ಮರಳು ಕಾಗದ ಹಾಕಿ ಬಿಗಿ ಮಾಡಿ. ಖರ್ಚಿಲ್ಲದ ಕೆಲಸ ಮೊದಲು. ಇನ್ನೊಂದು, ಗಾಡಿ ದಾರಿಯಲ್ಲಿ ನಿಂತುಬಿಟ್ಟರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ಓಡದಿದ್ದರೆ ಪಂಪ್ ಓಡಲ್ಲ, ಒಳಗೆಲ್ಲಾ ಒಣಗಿ ತಿರುಗುತ್ತದೆ. ಮುಂದಿನ ಚಕ್ರ ಎತ್ತಬೇಕು ಅಥವಾ ಲಾರಿ ಮೇಲೆ ಹಾಕಬೇಕು.

ಮೂಡಿಗೆರೆ_ಮಂಜು_ಮಳೆ
ಬೇಲೂರಿನಲ್ಲಿ ಏನಾಯಿತು ಅಂತ ಬರೆಯಲೇಬೇಕು, ಅರ್ಧಕ್ಕೆ ಬಿಡಬೇಡಿ.

ಹಾಸನ್_ಆಲೂಗಡ್ಡೆ
ನಾನೇ ಬರೆಯುತ್ತೇನೆ, ಅವರಿಗೆ ಸ್ವಲ್ಪ ನಾಚಿಕೆ ಆಗಿದೆ.

ದೇವಸ್ಥಾನದ ಬೀದಿ ಹತ್ತಿರ ನೆರಳಲ್ಲಿ ನಿಲ್ಲಿಸಿ ಸ್ಕ್ಯಾನರ್ ಹಾಕಿದೆ. ಪಿ0720, ಅಂದರೆ ಔಟ್‌ಪುಟ್ ಸ್ಪೀಡ್ ಸೆನ್ಸರ್ (ಗೇರ್ ಬಾಕ್ಸಿನಿಂದ ಹೊರಬರುವ ವೇಗ ಅಳೆಯುವುದು) ಸರ್ಕ್ಯೂಟ್. ಸೊಲೆನಾಯ್ಡ್ (ಗೇರ್ ಬದಲಿಸುವ ಕರೆಂಟ್ ವಾಲ್ವ್) ಕೋಡ್ ಒಂದೂ ಇಲ್ಲ. ಗೇರ್ ರೇಷಿಯೋ ತಪ್ಪಿದೆ ಅನ್ನುವ ಪಿ0730 ಕೂಡ ಇಲ್ಲ. ಸೆನ್ಸರ್ ಗೇರ್ ಬಾಕ್ಸ್ ಮೇಲೇ ಕೂತಿದೆ. ಏರ್ ಫಿಲ್ಟರ್ ಡಬ್ಬಿ ತೆಗೆದು ವೈರ್ ಹಿಡಿದು ಎಳೆದೆ, ಕೈಗೇ ಬಂತು.

ಇಲಿ. ಹೊರಗಿನ ಪ್ಲಾಸ್ಟಿಕ್ ಪೂರ್ತಿ ಸಿಪ್ಪೆ ಸುಲಿದ ಹಾಗೆ ಸುಲಿದಿದೆ. ಒಳಗೆ ಎರಡು ವೈರಿನಲ್ಲಿ ಒಂದು ನಾಲ್ಕೈದು ಎಳೆಯಲ್ಲಿ ನಿಂತಿತ್ತು. ಗುಂಡಿ ಬಂದು ಎಂಜಿನ್ ಅಲ್ಲಾಡಿದಾಗ ಬಿಡುತ್ತದೆ, ಮತ್ತೆ ಸೇರುತ್ತದೆ. ಪಕ್ಕದಲ್ಲಿ ಒಂದು ಹಿಡಿ ಕಾಫಿ ಸಿಪ್ಪೆ, ಹುಲ್ಲು, ಹತ್ತಿ. ಗೂಡೇ ಕಟ್ಟಿತ್ತು!

ಕಾಫಿಕಣ_18
ಕಾಫಿ ಕೊಯ್ಲು ಶುರುವಾದಾಗಿನಿಂದ ಕಣದ ತುಂಬಾ ಕಾಫಿ ಹರಡಿದೆ. ಕಾರಿಗೆ ಜಾಗ ಇಲ್ಲದೆ ಗೋದಾಮಿನ ಗೋಡೆ ಪಕ್ಕ ಮಣ್ಣಿನಲ್ಲಿ ನಿಲ್ಲಿಸುತ್ತಿದ್ದೆ. ದೀಪ ಮಿಣುಕಲು ಶುರುವಾಗಿದ್ದೂ ಆವಾಗಲೇ. ಎರಡನ್ನೂ ಸೇರಿಸಿ ಯೋಚನೆ ಮಾಡಿರಲಿಲ್ಲ.

ಬೇಲೂರಿನಲ್ಲೇ ಒಂದು ಟಿವಿ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿಸಿ, ಸ್ಲೀವ್ ಹಾಕಿಸಿದೆವು. ದುಡ್ಡು ಬೇಡ ಅಂದರು, ಒತ್ತಾಯ ಮಾಡಿ 50 ಕೊಟ್ಟೆ. ಹಾಸನದ ಅಣ್ಣ ಪೆಟ್ರೋಲಿಗೂ ದುಡ್ಡು ತಗೊಳ್ಳಲಿಲ್ಲ. ಒಂದು ಮಸಾಲೆ ದೋಸೆ ತಿಂದು ಇನ್ನೊಂದು ಹೇಳಿದರು, ಅಷ್ಟೇ.

ಹಾಸನ್_ಆಲೂಗಡ್ಡೆ
ಆಲೂಗಡ್ಡೆ ಪಲ್ಯ ನಮ್ಮ ಊರಿನದ್ದಾ ಅಂತ ಪರೀಕ್ಷೆ ಮಾಡಬೇಕಿತ್ತು.

ಎಸ್ಟೇಟ್_ರೈಟರ್
ಹಾಗಾದರೆ "ದಡ್" ಅನ್ನುವುದು?

ಸ್ಪ್ಯಾನರ್14
ಎಂಜಿನ್ ಕೂರಿಸಿರುವ ರಬ್ಬರ್ ಮೌಂಟಿಂಗ್ ನೋಡಿ. ಒಬ್ಬರು ಒಳಗೆ ಕೂತು ಬ್ರೇಕ್ ಗಟ್ಟಿ ತುಳಿದು ಡಿಯಿಂದ ಆರ್‌ಗೆ, ಆರ್‌ನಿಂದ ಡಿಗೆ ಹಾಕಲಿ. ನೀವು ಬಾನೆಟ್ ತೆಗೆದು ಪಕ್ಕದಲ್ಲಿ ನಿಂತು ನೋಡಿ. ಮುಂದೆ ನಿಲ್ಲಬೇಡಿ, ಇನ್ನೊಂದು ಸಲ ಹೇಳುತ್ತೇನೆ, ಪಕ್ಕದಲ್ಲಿ. ಎಂಜಿನ್ ಎದ್ದು ಕೂತ ಹಾಗೆ ಹಾರಿದರೆ ರಬ್ಬರ್ ಹೋಗಿದೆ. ಬೆಳಗ್ಗೆ ಚಳಿಯಲ್ಲಿ ಐಡಲ್ ಜಾಸ್ತಿ ಇರುತ್ತದೆ, ಆಗ ಹಾಕಿದರೂ ಜೋರಾಗಿ ಬೀಳುತ್ತದೆ. ಒಂದು ನಿಮಿಷ ಬಿಟ್ಟು ಹಾಕಿ.

ಕಾಫಿಕಣ_18
ನೋಡಿದೆ. ಮೂರಂಗುಲ ಹಾರುತ್ತದೆ. ಹಿಂದಿನ ಮೌಂಟಿಂಗ್ ರಬ್ಬರ್ ಎರಡು ಹೋಳು. ಅಪ್ಪ ಸ್ಟೀರಿಂಗ್ ಹಿಡಿದು ಕೂತಿದ್ದರು, ಇಳಿದು ಬಂದು ನೋಡಿ, "ಆ ವರ್ಕ್‌ಶಾಪಿನವನು ಬಾನೆಟ್ ತೆಗೆದಿದ್ನಾ?" ಅಂತ ಕೇಳಿದರು. ನೆನಪು ಮಾಡಿಕೊಂಡೆ. ತೆಗೆದಿರಲಿಲ್ಲ.

ಬಾಬಾಬುಡನ್_ಬ್ರೇಕ್
ಮೌಂಟಿಂಗ್ ಬದಲಿಸಿ. ಆಯಿಲ್ ಮಟ್ಟ ವಾರಕ್ಕೊಮ್ಮೆ ನೋಡುತ್ತಿರಿ, ಒಂದೂವರೆ ತಿಂಗಳು. ಕಡಿಮೆ ಆಯಿಲ್‌ನಲ್ಲಿ ಘಾಟಿ ಹತ್ತಿದ್ದಕ್ಕೆ ಪ್ಲೇಟಿಗೆ ಎಷ್ಟು ಪೆಟ್ಟು ಬಿದ್ದಿದೆ ಅಂತ ಈಗಲೇ ಹೇಳಲು ಆಗುವುದಿಲ್ಲ. ಮುಂದಿನ ಸಲ ಆಯಿಲ್ ಇಳಿಸಿದಾಗ ಚೇಂಬರ್ ಬಿಚ್ಚಿಸಿ ಮ್ಯಾಗ್ನೆಟ್ ನೋಡಿ. ಬೂದು ಬಣ್ಣದ ನುಣ್ಣನೆ ಗಸಿ ಇದ್ದರೆ ಮಾಮೂಲು. ಕಬ್ಬಿಣದ ಚೂರು ಕೈಗೆ ಸಿಕ್ಕಿದರೆ ಮತ್ತೆ ಬರೆಯಿರಿ.

ಸಕ್ಲೇಶ್ಪುರ_46
ಇಲಿಗೆ ಏನು ಮಾಡಿದಿರಿ? ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿ.

ಎಸ್ಟೇಟ್_ರೈಟರ್
ನಾನು ಕಟ್ಟಿದ್ದೆ. ಹೊಗೆಸೊಪ್ಪನ್ನೂ ಹರಿದು ಗೂಡಿಗೆ ಹಾಸಿಕೊಂಡಿತ್ತು.

ಮೂಡಿಗೆರೆ_ಮಂಜು_ಮಳೆ
ಬೆಕ್ಕು?

ಕಾಫಿಕಣ_18
ಬೆಕ್ಕು ಇದೆ. ಬೆಚ್ಚಗಿರುತ್ತೆ ಅಂತ ರಾತ್ರಿಯೆಲ್ಲಾ ಬಾನೆಟ್ ಮೇಲೇ ಮಲಗುತ್ತದೆ. ಕಣ ಖಾಲಿ ಆಗಲು ಇನ್ನೂ ಹದಿನೈದು ದಿನ ಬೇಕು. ಅಲ್ಲಿಯ ತನಕ ಬಾನೆಟ್ ತೆಗೆದಿಟ್ಟು, ಒಳಗೆ ಒಂದು ಬಲ್ಬ್ ಹಾಕಿ ನಿಲ್ಲಿಸುತ್ತಿದ್ದೇನೆ.